ಖಾಲಿ ಸಾಲಿನ ಕೆಳಗೆ

ಆಸ್ಪತ್ರೆಯ ಲಿಫ್ಟು ಬರುವ ಲಕ್ಷಣವೇ ಇರಲಿಲ್ಲ. ಮುರಿದ ಕೈಗೆ ಪಟ್ಟಿ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ ದರ್ಜಿಗೆ ಮಾಡಲು ಬೇರೆ ಕೆಲಸವೂ ಇರಲಿಲ್ಲ. ಎದುರಿಗೆ ನಿಂತಿದ್ದ ನರ್ಸಮ್ಮ ಮತ್ತು ಆಕೆಯ ಅಕ್ಕನ ಮಗಳ ಮಾತಿಗೆ ಕಿವಿಗೊಟ್ಟ. ವಾರ್ಡಿನ ಟಿಪ್ಪಣಿ ಓದುವ ಕಂಪ್ಯೂಟರ್ ಪ್ರೋಗ್ರಾಮು ಆ ಹುಡುಗಿಯೇ ಬರೆದದ್ದಂತೆ.

“ರೋಗಿಗೆ ಯಾವ ಔಷಧಿ ಒಗ್ಗಲ್ಲ ಅಂತ ಬರೆದಿದ್ದೆ ಕಣೇ. ನಿನ್ನ ಪ್ರೋಗ್ರಾಮು ಅದನ್ನೇ ನುಂಗಿಬಿಟ್ಟಿದೆ. ಪುಣ್ಯಕ್ಕೆ ನಾನೇ ಡ್ಯೂಟಿಯಲ್ಲಿದ್ದೆ.”

“ಅದಕ್ಕೆ ಮುಂಚೆ ಒಂದು ಸಾಲು ಖಾಲಿ ಬಿಟ್ಟಿದ್ದೀರಲ್ಲ, ಚಿಕ್ಕಮ್ಮ. ಖಾಲಿ ಸಾಲು ಸಿಕ್ಕಿದರೆ ಟಿಪ್ಪಣಿ ಮುಗೀತು ಅಂತ ಅದಕ್ಕೆ ಹೇಳಿಕೊಟ್ಟಿದ್ದೀನಿ.”

“ಎದ್ದು ಕಾಣಲಿ ಅಂತ ತಾನೇ ನಾವು ಜಾಗ ಬಿಡೋದು? ಮುಖ್ಯವಾದದ್ದು ಯಾವಾಗಲೂ ಅದರ ಕೆಳಗೇ ಇರುತ್ತೆ.”

“ಹಾಗಾದರೆ ಎಲ್ಲಿ ನಿಲ್ಲಿಸಲಿ? ಕೊನೇಲಿ ಸಹಿ ಬಂದಾಗ?”

“ಅವಸರದಲ್ಲಿ ಸಹಿ ಯಾರು ಹಾಕ್ತಾರೆ?”

ಹುಡುಗಿ ಉಗುರು ಕಚ್ಚಿದಳು. “ಒಟ್ಟು ಎಷ್ಟು ಸಾಲು ಅಂತ ಮೊದಲೇ ಗೊತ್ತಿದ್ದರೆ…”

“ಬರೆಯೋಕೆ ಮುಂಚೆ ಹೇಗೆ ಗೊತ್ತಾಗುತ್ತೆ?”

“ನೀವು ಬರೆದು ಮುಗಿಸಿದ ಮೇಲೆ ಕಂಪ್ಯೂಟರೇ ಸಾಲು ಎಣಿಸಿ ಟಿಪ್ಪಣಿಯ ತಲೆ ಮೇಲೆ ಹಾಕಲಿ. ಅಷ್ಟೂ ಸಾಲು ಓದೋ ತನಕ ನಿಲ್ಲೋ ಹಾಗಿಲ್ಲ.”

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. “ಹೇಳಮ್ಮ… ಹೂಂ… ಆಯ್ತು… ಸರಿ, ಇಡ್ತೀನಿ.”

“ಅಕ್ಕ ಹೇಳೋದು ಮುಗಿದಿತ್ತಾ?”

“ಸುಮ್ಮನಾದಳಲ್ಲ, ಚಿಕ್ಕಮ್ಮ.”

ನರ್ಸಮ್ಮ ಅವಳ ಮುಖವನ್ನೇ ನೋಡುತ್ತ ನಿಂತಳು.

ಕೊನೆಗೂ ಲಿಫ್ಟು ಬಂತು. ಹುಡುಗಿ ಮತ್ತೆ ಫೋನನ್ನು ಕಿವಿಗಿಟ್ಟುಕೊಂಡೇ ಒಳಗೆ ಹೋದಳು. ಬಾಗಿಲು ಮುಚ್ಚುವಾಗ ದರ್ಜಿಗೆ ಕೇಳಿಸಿದ್ದು ಇಷ್ಟೇ: “ಅಮ್ಮ, ಆಮೇಲೆ?”