ಯಾವುದು ಸೊನ್ನೆ, ಯಾವುದು ಒಂದು

ಆ ಬಾಗಿಲು ಒಸಿ ಮುಂದಕ್ಕೆ ಮಾಡಿ, ಹೇಳ್ತೀನಿ... ನಮ್ಮ ದೊಡ್ಡಮ್ಮನ ಮಗ ವೀರೇಂದ್ರನಿಗೆ ಆಗಿದ್ದಿದು. ಎರಡು ಸಾವಿರದ ಆರನೇ ಇಸವಿ.

ಹೊಂಗನೂರಿನ ಆಲದಮರ ದಾಟಿ ಒಬ್ಬನೇ ನಡೀತಿದ್ದ. ರಾತ್ರಿ ಹನ್ನೊಂದೂವರೆ. ಊರಾಚೆ ಇದ್ದ ದಾರದ ಫ್ಯಾಕ್ಟರಿಯ ಕಂಪ್ಯೂಟರ್ ರೂಮು ಅವನ ಜವಾಬ್ದಾರಿ. ಕರೆಂಟ್ ಹೋಗಿ ಬಂದೈತೆ, ಮಿಷನ್ ನೋಡ್ಬನ್ನಿ ಅಂತ ವಾಚ್‌ಮನ್ ಶುಕೂರ್ ಫೋನ್ ಮಾಡಿದ್ದ.

ಆ ರೂಮಲ್ಲಿ ಎರಡು ಟೇಪ್ ಡ್ರೈವ್, ಫ್ಯಾಕ್ಟರಿ ಲೆಕ್ಕಾನೆಲ್ಲ ಟೇಪಿಗೆ ತುಂಬಿಡೋ ಮಿಷನ್ನು. ಕಂಪ್ಯೂಟರ್ ಶುರುವಾಗುವಾಗ ಮೊದಲು ಕಣ್ಣಿಗೆ ಬಿದ್ದದ್ದಕ್ಕೆ 'ಸೊನ್ನೆ' ಅಂತ ಹೆಸರಿಡುತ್ತೆ, ಇನ್ನೊಂದಕ್ಕೆ 'ಒಂದು'. ಆಫ್ ಆಗಿ ಆನ್ ಆದರೆ ಹೆಸರು ಅದಲುಬದಲಾದರೂ ಆದೀತು. ಹಿಂದೆ ಅಲ್ಲಿದ್ದ ರಾಮಲಿಂಗಯ್ಯ ಹಾಗೇ ಕೆಟ್ಟಿದ್ದು. ಬೇಡದ ಟೇಪು ಅಂತ ಅಳಿಸಿದರೆ, ಹೋದದ್ದು ಇಡೀ ವರ್ಷದ ಲೆಕ್ಕದ ಟೇಪು. "ನಂದು ತಪ್ಪಲ್ಲ ಸಾರ್, ಹೆಸ್ರೇ ಬದ್ಲಾಗೈತೆ" ಅಂತ ಗೋಗರೆದ. ಯಾರೂ ನಂಬಲಿಲ್ಲ. ಕೆಲಸದಿಂದ ತೆಗೆದರು. ಮೂರೇ ತಿಂಗಳು... ಕೊರಗಿ ಜೀವ ಬಿಟ್ಟ.

ಹೆಸರು ಬದಲಾಗಿದ್ದನ್ನ ಅವತ್ತು, ಆಗ ಅವನ ಕೈಕೆಳಗಿದ್ದ ವೀರೇಂದ್ರ ಕಣ್ಣಾರೆ ಕಂಡಿದ್ದ. ತನ್ನ ಕೆಲಸಕ್ಕೂ ಕುತ್ತು ಬಂದೀತು ಅಂತ ಬಾಯಿ ಬಿಡಲಿಲ್ಲ.

ರೂಮಿನೊಳಗೆ ಕಾಲಿಟ್ಟ. ಹಿಂದೆ ಬಾಗಿಲು ಧಡ್ ಅಂತು. ಗಾಳಿ ಅಂದ್ಕೊಂಡ. ಬಂದದ್ದಕ್ಕೆ ಹಳೇ ಟೇಪನ್ನೂ ಅಳಿಸಿ ಹೋಗೋಣ ಅಂತ ಅವಸರದಲ್ಲಿ 'ಸೊನ್ನೆ' ಅಂತ ಟೈಪ್ ಮಾಡಿ, ಕೊನೇ ಗುಂಡಿ ಒತ್ತೋಕೆ ಬೆರಳೆತ್ತಿದ...

ಕಿರ್‍ರ್... ಟಕ್. ಕಿರ್‍ರ್... ಟಕ್.

ಡ್ರೈವ್ ತಾನಾಗೇ ತಿರುಗ್ತಿತ್ತು. ಕಿವಿ ಪಕ್ಕದಲ್ಲೇ ಪಿಸುದನಿ.

"ಹೆಸ್ರು ನಂಬ್ಬೇಡ ಕಣಪ್ಪ... ನಂಬರ್ ನೋಡು."

ಡ್ರೈವಿನ ಬೆನ್ನಿಗೆ ಕಂಪನಿಯೋರು ಅಚ್ಚು ಹಾಕಿರ್ತಾರಲ್ಲ, ಆ ನಂಬರು. ಅದು ಎಂದೂ ಬದಲಾಗಲ್ಲ. ನೋಡಿದ. ಸೊನ್ನೆ ಒಂದಾಗಿತ್ತು. ಬೆರಳು ಒತ್ತಿದ್ದರೆ ವರ್ಷದ ಟೇಪು ಮತ್ತೆ ಹೋಗ್ತಿತ್ತು! ಇನ್ಮೇಲೆ ನಂಬರ್ ನೋಡೇ ಹೆಸರಿಡು ಅಂತ ಕಂಪ್ಯೂಟರಿಗೆ ಬರೆದಿಟ್ಟು ಬಾಗಿಲಿಗೆ ಓಡಿದ.

ಹಿಡಿ ಅಲ್ಲಾಡಲಿಲ್ಲ. ಗುದ್ದಿದ. ಶುಕೂರ್‌ನ ಕೂಗಿದ. ಏಸಿ ಗುಂಯ್ ಅನ್ನೋದು ಬಿಟ್ಟರೆ ಏನೂ ಇಲ್ಲ. ಮೊಬೈಲ್‌ಗೆ ಸಿಗ್ನಲ್ಲೂ ಇಲ್ಲ. ಡ್ರೈವಿನ ಕಡೆ ತಿರುಗಿದ.

"ರಾಮಲಿಂಗಣ್ಣ... ನಾನು ನೋಡಿದ್ದೆ. ಹೇಳ್ಲಿಲ್ಲ. ತಪ್ಪಾಯ್ತಣ್ಣ."

ಮತ್ತೆ ಅದೇ ಪಿಸುದನಿ.

"ನಂಗ್ಯಾಕಪ್ಪ ಹೇಳ್ತೀಯ... ಅವರ್ಗೆ ಹೇಳು."

ಅಲ್ಲೇ ಕೂತು ಮ್ಯಾನೇಜರ್‌ಗೆ ಕಾಗದ ಬರೆದ. ಕಂಡದ್ದು, ಮುಚ್ಚಿಟ್ಟದ್ದು, ಎಲ್ಲ. ಕೊನೇಲಿ ಸಹಿ ಹಾಕಿದ. ಹಿಂದೆ ಬಾಗಿಲು ಮೆಲ್ಲಗೆ ತೆರ್ಕೊಂತು.

ಬೆಳಗ್ಗೆ ಮ್ಯಾನೇಜರ್ ಅದನ್ನ ಎಲ್ಲರೆದುರೂ ಓದಿಸಿದರು. ರಾಮಲಿಂಗಯ್ಯನ ಹೆಂಡ್ತಿ ಗಿರಿಜಾಂಬನ ಮನೆಗೆ ತಾವೇ ಹೋಗಿ ಕೈ ಮುಗಿದು ಬಂದರು.

ಇದು ಸುಳ್ಳಲ್ಲ. ಆ ರಾತ್ರಿ ಡ್ರೈವ್‌ಗಳ ನಂಬರನ್ನ ಕಂಪ್ಯೂಟರ್ ಬರ್ಕೊಂಡಿದ್ದ ಪಟ್ಟಿ ನಾನೇ ಕಣ್ಣಾರೆ ನೋಡಿದೀನಿ. ಇದ್ದದ್ದು ಎರಡೇ ಡ್ರೈವು. ಪಟ್ಟೀಲಿ ಮೂರು ನಂಬರೈತೆ. ಮೂರನೇದು ರಾಮಲಿಂಗಯ್ಯನ ಕಾಲದ ಡ್ರೈವ್‌ದು... ಅದನ್ನ ಹಿಂದಿನ ವರ್ಷಾನೇ ಚನ್ನಪಟ್ಟಣದ ಗುಜರಿಗೆ ಹಾಕಿದ್ರು.