ಸೋಮವಾರ ಹೂಡದ ಗಾಡಿ

ನನಗ ಈ ಕತಿ ಕಟ್ಟು ಆಟ ಮದ್ಲ ಕಲಿಸಿದಾಂವ ನಮ್ಮ ಸಾಲಹಳ್ಳಿ ಮಲಕಾಜಪ್ಪ ಕಾಕಾ. ನಿನಗ ಅಜ್ಜ ಆಗಬೇಕು, ಬಸವಲಿಂಗ. ಒಬ್ಬಾಂವ ಕತಿ ಹೇಳಾಂವ, ಉಳಿದಾವರು ಕತಿಯೊಳಗ ಒಂದೊಂದು ಸೋಗು ಹಿಡದು 'ನಾ ಹಿಂಗ ಮಾಡ್ತೇನಿ' ಅನ್ನಾವರು. ಆಗತೈತೋ ಇಲ್ಲೋ ಅಂತ ಅನುಮಾನ ಬಂದ್ರ ಐದು ಹುಣಚಿ ಬೀಜ. ಒಂದು ಮಗ್ಗಲ ಕಲ್ಲಿಗೆ ತಿಕ್ಕಿ ಬಿಳಿ ಮಾಡಿದ್ದು. ಬಿಳಿ ಹೆಚ್ಚು ಬಿದ್ರ ಆತು, ಕರಿ ಹೆಚ್ಚು ಬಿದ್ರ ಇಲ್ಲ. ಮುಗೀತು ನೇಮ. ಈಗ ನೀ ತಂದಿಯಲ್ಲ, ಈ ನೇಮದ ಪುಸ್ತಕ... ಗಾಳಿಗೆ ಬಾಗಲಾ ಬಡೀಬಾರದಂತ ಅಡ್ಡ ಇಡಾಕ ಚೊಲೊ ಐತಿ.

ನಗು, ನಗು. ಸವದತ್ತಿಯೊಳಗ ಝೆರಾಕ್ಸ್ ಅಂಗಡಿ ಐತಿ ಅಂತ ಕಂಡದ್ದನ್ನೆಲ್ಲಾ ಅಚ್ಚು ಹಾಕಿ ಮಾವನ ಮನಿಗೆ ಹೊತ್ತು ತರೂದೇನು? ಒಬ್ಬಾಂವ ಗ್ವಾಡಿ ಜಿಗೀಬೇಕಂದ್ರ ಅವನ ತೂಕ ನೋಡು, ಹೆಗಲ ಮ್ಯಾಲಿನ ಗಂಟು ನೋಡು, ಕೂಡಿಸು, ಕಳಿ. ಅಷ್ಟರಾಗ ವೈರಿ ಉಂಡು, ಕೈ ತೊಳಕೊಂಡು ಮಲಗಿರ್ತಾನ. ದಾಳಕ್ಕರ ಇಪ್ಪತ್ತು ಮಾರಿ. ಎರಡು ಮಾರಿ ಇದ್ದಾಂವನ್ನ ನಂಬಬಾರದು ಅಂತಾರ ಹಿರ್ಯಾರು, ನೀ ಇಪ್ಪತ್ತು ತಂದಿ. ಶಂಕರೆಪ್ಪನ ಮನ್ಯಾಗ ಪ್ರತಿ ಸೋಮವಾರ ಪರೀಕ್ಷಾ ನಡೀತೈತಿ ಅಂತ ಮಂದಿ ನನ್ನ ನೋಡಿ ನಗಾಕತ್ಯಾರ.

ಎಲ್ಲಿ ಹೊಂಟಿ? ಕುಂದ್ರು. ನಮ್ಮ ಜೋಡಿ ಆಡು ಸುಭಾಸ ಸುರೇಬಾನದ ಬಸ್ಸಿಗೆ ಬರ್ತಾನ. ಅಂವ ಹಳೇ ನೇಮಕ್ಕ ಒಪ್ಯಾನ. ಅಂವ ಬರೂದ್ರಾಗ ನೀ ಹ್ಞೂಂ ಅಂದ್ರ ಮುಗೀತು. ಚಾ ಬರತೈತಿ. ಏ, ಎರಡು ಚಾ... ನಿಮ್ಮತ್ತಿ ರೊಟ್ಟಿ ಬಡ್ಯಾಕತ್ಯಾಳ, ಕೇಳಿಸಿರಲಿಕ್ಕಿಲ್ಲ.

ಹೋದ ಸೋಮವಾರದ ಸಲುವಾಗಿ ಅಲ್ಲ ಮಾರಾಯಾ. ಅದನ್ಯಾಕ ತಗೀತಿ? ಆತು, ತಗದಿ ಅಂದಮ್ಯಾಲ ಹೇಳ್ತೇನಿ. ಕತಿಯೊಳಗ ನಾ ಗಾಡಿ ಹೊಡಿಯಾಂವ. ನಿಮ್ಮತ್ತಿ ಔಷಧ ಕೊಡು ಮರೆವ್ವ. ಕ್ವಾಟಿ ಬಾಗಲದಾಗ ಅಕಿಗೆ ಬಾಣ ನಟ್ಟತು. ಗುಡ್ಡದ ಮಠಕ್ಕ ಒಯ್ದ್ರ ಉಳೀತಿದ್ಲು. ಗಾಡಿ ಹೂಡು ಅಂದ್ರಿ ಎಲ್ಲಾರೂ. ಇವತ್ತು ಸೋಮವಾರ, ಬಸವಣ್ಣನ ವಾರ, ನೊಗಾ ಇಡಂಗಿಲ್ಲ ಅಂದೆ. ತಪ್ಪೇನು? ಅವತ್ತು ಎತ್ತು ಹೂಡಂಗಿಲ್ಲ, ಕೈ ಖಾಲಿ ಇರ್ತಾವಂತ ಅಲ್ಲೇನು ನಾವು ಸೋಮವಾರ ಆಡೂದು? ಆಡಾಕ ಆ ವಾರ ಬೇಕು, ಆಟದೊಳಗ ಬ್ಯಾಡೇನು?

ಕತಿಯೊಳಗ ಯಾವ ವಾರ ಅಂತ ಕತಿ ಹೇಳಾಂವ ನೀ ಹೇಳಿದ್ದಿಲ್ಲ, ಖರೆ. ನೀ ಹೇಳದಿದ್ರ ವಾರ ಇರಂಗಿಲ್ಲೇನು? ಕತಿಯೊಳಗಿನ ಎತ್ತಾದ್ರೂ ಎತ್ತ.

ಮರೆವ್ವನ್ನ ಕೊಂದದ್ದು ನಾ ಅಲ್ಲ, ನಿನ್ನ ಪುಸ್ತಕ. ತಾಸಿಗೊಮ್ಮೆ ದಾಳ ಒಗಿ, ರಕ್ತ ಇಷ್ಟು ಕಳಿ... ಮನಷ್ಯಾರ ರಕ್ತ ಅಂದ್ರ ಡೈರಿ ಹಾಲೇನು, ಅಳದು ಹಾಕಾಕ? ಕಾಕಾನ ನೇಮದಾಗ ಇದಕ್ಕೂ ಹಾದಿ ಇತ್ತು. ಚಾಪಿ ಮ್ಯಾಲ ಕುಂತಾವರೆಲ್ಲಾ ಒಪ್ಪಿದ್ರ ಕತಿ ಹಿಂದಿನ ಮುಂಜಾನಿಗೆ ಹೋಗತಿತ್ತು. ಸತ್ತಾಕಿ ಎದ್ದು ಕುಂದ್ರಾಕಿ. ನೋಡು, ಎಷ್ಟು ಹಗೂರ.

ಚಾ ಇನ್ನೂ ಬರಲಿಲ್ಲ. ಹಾಲು ಒಡದಿರಬೇಕು.

ಬರ್ತಾಳ, ಆಟಕ್ಕೂ ಬರ್ತಾಳ. ನಿಮ್ಮತ್ತಿ ದೇವಕ್ಕಗ ತಲಿನೋವಂತ, ಅಷ್ಟ. ಅಂದ್ಲು... ನನ್ನ ಮುಂದ ಅಲ್ಲ, ಬಾಜೂ ಮನಿ ಕರೆವ್ವನ ಮುಂದ. ಕರೆವ್ವ ನನಗ ಬಂದು ಹೇಳಿದ್ಲು.

ಹಂಗ್ಯಾಕ ನೋಡ್ತಿ?

ಹ್ಞಾಂ... ಮರತಿದ್ದೆ, ಸಣ್ಣಾಂವಿದ್ದಾಗ ನೀನೂ ಕಾಕಾನ ಮಗ್ಗಲ ಕುಂತು ಆಡಿದಾಂವ. ಅದ್ಕ ನೋಡಾಕತ್ತಿ.

ಆತು. ಹಂಥಾ ನೇಮ ಕಾಕಾನ ಹಂತ್ಯಾಕ ಇದ್ದಿಲ್ಲ. ಅವನ ಆಟದಾಗ ಸತ್ತಾವರು ಸತ್ತಂಗ. ಅದನ್ನ ನಿನ್ನೆ ದನದ ಮನ್ಯಾಗ ಕುಂತು ಕಟ್ಟಿದಾಂವ ನಾನ.

ಅವತ್ತು ನಿಮ್ಮತ್ತಿ ನನ್ನ ಮಾರಿ ನೋಡಿ 'ಹೂಡ್ರಿ' ಅಂದಿದ್ಲು. ನಾ ವಾರ ಹೇಳಿದೆ. ದಾಳ ನಿನ್ನ ಕೈಯಾಗ ಇಟ್ಟು ಒಳಗ ಹೋದಾಕಿ, ಅವತ್ತಿನಿಂದ ಈ ಮನ್ಯಾಗ ರೊಟ್ಟಿ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳಿಲ್ಲ. ತಾಟು ಇಡ್ತಾಳ, 'ಉಣ್ರಿ' ಅನ್ನಂಗಿಲ್ಲ. ಅದು ಬರೇ ಆಟ ಅಂತ ಕರೆವ್ವನ ಕೈಲೆ ಹೇಳಿ ಕಳಿಸಿದೆ. 'ಆಟದಾಗ ಹೂಡದಾಂವ ಖರೇನ ಹೂಡ್ತಾನೇನು' ಅಂತ ತಿರಗಿ ಹೇಳಿ ಕಳಿಸ್ಯಾಳ.

ಪುಸ್ತಕರ ಇರಲಿ, ಬೀಜರ ಇರಲಿ, ನಿನಗ ಬಿಟ್ಟದ್ದು. ನಾ ಹೇಳಿದ್ರ ಅಕಿ ಕೇಳಂಗಿಲ್ಲ. ಕತಿ ಹೇಳಾಂವ ನೀ, ನೀನ ಅಕಿಗೆ ಮುಟ್ಟಿಸು. ಅವತ್ತು ಸೋಮವಾರನ ಇತ್ತು, ಗಾಡ್ಯಾಂವ ಎತ್ತಿನ ಕಾಲು ಮುಟ್ಟಿ ತಪ್ಪಾತಪ್ಪಾ ಅಂದ, ನೊಗಾ ಇಟ್ಟ, ಮರೆವ್ವನ್ನ ಮಠಕ್ಕ ಒಯ್ದ ಅಂತ ಹೇಳು.

ರೊಟ್ಟಿ ಸಪ್ಪಳ ನಿಂತೈತಿ, ಬಸವಲಿಂಗ. ಈಗ ಹೇಳು. ಒಂದೀಟು ದೊಡ್ಡ ದನಿಲೆ ಹೇಳು.