ಪ್ರತಿ ಸೋಮವಾರ ಖಾಲಿಯಾಗಿರುತ್ತಿದ್ದ ಡಬ್ಬಿ

ಗ್ಯಾರೇಜಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಮಾವ, ಅವರ ಅಳಿಯ ಕೂತಿದ್ದರು. ಎದುರಿಗೆ ಬಾನೆಟ್ ತೆರೆದ ಅವರ ಡೀಸೆಲ್ ವ್ಯಾನು.

“ತಲೆಬುಡ ಅರ್ಥ ಆಗ್ತಿಲ್ಲ ಮಾವ. ಎಂಜಿನ್ನಿಂದ ಏಳೋ ಎಣ್ಣೆ ಹಬೆ, ಗಾಳಿ ತಳ್ಳೋ ಟರ್ಬೊ ಒಳಗೆ ಹೋಗ್ಬಾರ್ದು ಅಂತಾನೇ ನಡುವೆ ಆ ಡಬ್ಬಿ ಹಾಕ್ಸಿದ್ದು. ಹಬೆ ಅಲ್ಲಿ ತಣ್ಣಗಾಗಿ ಎಣ್ಣೆ ತಳದಲ್ಲಿ ನಿಲ್ಲಬೇಕು.”

“ನಿಲ್ಲುತ್ತಲ್ಲ.”

“ಎಲ್ಲಿ ನಿಲ್ಲುತ್ತೆ? ಪ್ರತಿ ಸೋಮವಾರ ಬಿಚ್ಚಿ ನೋಡ್ತೀನಿ, ತೊಳೆದಿಟ್ಟ ಲೋಟದ ಹಾಗಿರುತ್ತೆ. ಎಂಜಿನ್ನಲ್ಲಿ ಮಾತ್ರ ಎಣ್ಣೆ ಇಳೀತಾನೇ ಇದೆ.”

“ಮೆಕ್ಯಾನಿಕ್ ಏನಂತಾರೆ?”

“ಹಬೆ ಡಬ್ಬೀಲಿ ನಿಲ್ಲದೆ ನೇರ ಟರ್ಬೊಗೇ ಹೋಗ್ತಿದೆಯಂತೆ. ಟರ್ಬೊ ಬಿಚ್ಚಬೇಕಂತೆ. ಹದಿನೈದು ದಿನ ವ್ಯಾನ್ ಇಲ್ಲ.”

ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

“ಅಳಿಯಂದ್ರೇ, ನಮ್ಮ ಗೇಟು ಕಿರುಗುಟ್ಟಿದ್ದು ಕೇಳಿ ಎಷ್ಟು ದಿನ ಆಯ್ತು?”

“ಈಗ ಗೇಟಿನ ಮಾತ್ಯಾಕೆ?”

“ಭಾನುವಾರ ವ್ಯಾನ್ ತೊಳೆಯೋದು ನಾನಲ್ವಾ. ಡಬ್ಬೀಲಿ ಕಪ್ಪೆಣ್ಣೆ ಇರುತ್ತೆ. ಸುಮ್ನೆ ಚೆಲ್ಲೋದ್ಯಾಕೆ ಅಂತ ಗೇಟಿನ ಕೀಲುಗಳಿಗೆ ಹಾಕ್ತೀನಿ. ಮಿಕ್ಕಿದ್ದು ಪಕ್ಕದ ಮನೆಯವರ ಶಟರಿಗೆ. ಆಮೇಲೆ ಡಬ್ಬಿ ಒರೆಸಿ ಅಲ್ಲೇ ಇಡ್ತೀನಿ.”

“ಪ್ರತಿ ಭಾನುವಾರ?”

“ನಿಮಗೊಂದು ಕೆಲಸ ಕಮ್ಮಿ ಆಗ್ಲಿ ಅಂತ.”

ಅಷ್ಟರಲ್ಲಿ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಬಂದ.

“ಟರ್ಬೊ ಬಿಚ್ಚಲಾ ಸಾರ್?”

“ಬೇಡ. ಎಣ್ಣೆ ಎಲ್ಲಿ ಹೋಗ್ತಿತ್ತು ಅಂತ ಗೊತ್ತಾಯ್ತು.”

“ಎಲ್ಲಿ?”

ಅಳಿಯ ಎದ್ದು ಬಾನೆಟ್ ಮುಚ್ಚಿದ.

“ನಮ್ಮ ಬೀದೀಲಿ ಯಾವ ಬಾಗಿಲೂ ಸದ್ದು ಮಾಡಲ್ಲ” ಎಂದು ಹೇಳಿ, ಮಾವನಿಗೆ ವ್ಯಾನಿನ ಬಾಗಿಲು ತೆರೆದ. ಅದೂ ಸದ್ದು ಮಾಡಲಿಲ್ಲ.